ಹೊಳೆಯಾಚೆಯ ಮೃತ್ಯುಪತ್ರಗಳು

ಗದ್ವಾಲ 1956ರ ಅಕ್ಟೋಬರ್ 31ರ ರಾತ್ರಿಯವರೆಗೆ ರಾಯಚೂರು ಜಿಲ್ಲೆಯ ತಾಲೂಕು. ಪಕ್ಕದ ಆಲಂಪುರವೂ ಹಾಗೆಯೇ. ಬೆಳಗಾಗುವುದರೊಳಗೆ ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಆ ಎರಡು ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋಗಿ ಮಹಬೂಬ್‌ನಗರ ಜಿಲ್ಲೆಗೆ ಸೇರಿದವು. ಕಲಬುರಗಿಯಿಂದ ಕೊಡಂಗಲ್, ತಾಂಡೂರು ಹೋದವು. ಬೀದರಿನಿಂದ ನಾರಾಯಣಖೇಡ ಹೋಯಿತು. ರಾಜ್ಯ ಪುನರ್ವಿಂಗಡಣೆ ಕಾಯ್ದೆಯ 3ನೇ ಕಲಮಿನಲ್ಲಿ ಈ ಹೆಸರುಗಳೆಲ್ಲ ಒಂದೇ ಉಸಿರಿಗೆ ಬಂದುಬಿಡುತ್ತವೆ. ಮಕ್ತಲ್ ಮತ್ತು ನಾರಾಯಣಪೇಟೆ ಅದಕ್ಕೂ ಮೊದಲೇ ಮಹಬೂಬ್‌ನಗರ ಜಿಲ್ಲೆಯವು. ಆದರೆ ಆ ಕಡೆಯ ಬೀಗತನ, ಸಂತೆ, ಜಾತ್ರೆ ಎಲ್ಲ ರಾಯಚೂರು, ಯಾದಗಿರಿಯೊಂದಿಗೇ ಬೆಳೆದು ಬಂದವು.

ಜನ ಇದ್ದಲ್ಲೇ ಉಳಿದರು, ಸರಕಾರ ಬದಲಾಯಿತು. ಹಾಗಾದರೆ ಆ ದಿನಕ್ಕೆ ಮುಂಚೆ ತೀರಿಕೊಂಡವರು ತಮ್ಮ ಹೊಲ, ಮನೆ, ಮಗ್ಗ, ಬಂಗಾರದ ಬಗ್ಗೆ ಬರೆಸಿಟ್ಟ ಕಾಗದಗಳು ಎಲ್ಲಿವೆ? ಜಮೀನು ಈಗ ತೆಲಂಗಾಣದಲ್ಲಿ, ಮರಿಮಕ್ಕಳು ರಾಯಚೂರಿನಲ್ಲಿ, ಬರಹ ಉರ್ದುವಿನಲ್ಲಿ, ಮೇಲಿನ ಕಚೇರಿ ಹೈದರಾಬಾದಿನಲ್ಲಿ. ಗಡಿಭಾಗದ ಕನ್ನಡ ಮನೆಗಳಲ್ಲಿ ಈ ಪ್ರಶ್ನೆ ಎಷ್ಟು ಸಲ ಎದ್ದಿದೆಯೋ ಅಷ್ಟೂ ಸಲ ಉತ್ತರ ಸಿಗದೆ ಮಲಗಿದೆ.

ನಮ್ಮ ಮನೆಯಲ್ಲೂ ಎದ್ದಿತ್ತು. ನನ್ನ ತಂದೆಯ ತಾಯಿಯ ತವರು ನಾರಾಯಣಪೇಟೆ. ಅವರ ಅಕ್ಕ ಎಳವೆಯಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ನಮಗೆಲ್ಲ ಅವರು ದೊಡ್ಡಾಯಿ. "ನಮ್ಮಪ್ಪ ನನಗ ಹೊಲ ಬರದು ಕೊಟ್ಟಾನ" ಎಂದು ಕೊನೆಯತನಕ ಹೇಳುತ್ತಿದ್ದರಂತೆ. ಹಾಗೆ ಬರೆದ ಕಾಗದವನ್ನು ನಮ್ಮ ಕಡೆಯವರು ಯಾರೂ ಕಣ್ಣಾರೆ ಕಂಡಿರಲಿಲ್ಲ. ಆ ಮಾತು ನಿಜವೇ ಎಂದು ನೋಡಬೇಕೆನ್ನುವ ಆಸೆ ನನ್ನಲ್ಲಿ ಬಹಳ ಕಾಲದಿಂದ ಇತ್ತು.

ರಾಯಚೂರಿನಿಂದ ಮಕ್ತಲ್ ದಾರಿ ಹಿಡಿದರೆ ಶಕ್ತಿನಗರದ ಚಿಮಣಿಗಳು ದಾಟುತ್ತಲೇ ಕೃಷ್ಣಾ ನದಿ. ಬೇಸಿಗೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು ಕಾಣುತ್ತದೆ. ಸೇತುವೆ ಮುಗಿದರೆ ತೆಲಂಗಾಣ. ಆದರೆ ಕಿವಿಗೆ ಗಡಿ ತಿಳಿಯುವುದೇ ಇಲ್ಲ. ಗುಡೇಬಲ್ಲೂರು, ಕೃಷ್ಣಾ, ಭೀಮೆ ಬಂದು ಕೃಷ್ಣೆಯನ್ನು ಕೂಡುವ ತಂಗಡಿ, ಈ ಊರುಗಳಲ್ಲಿ ಚಹದಂಗಡಿಯ ಮಾತು ಕನ್ನಡ. ಈ ಭಾಗದಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳು ಇಂದಿಗೂ ನಡೆಯುತ್ತಿವೆ. ಅಂಥ ಒಂದು ಶಾಲೆಯಿಂದ ನಿವೃತ್ತರಾದ ಮಾಸ್ತರರೊಬ್ಬರು ಕೃಷ್ಣಾ ಸ್ಟೇಷನ್ನಿನ ಬಳಿ ಬಸ್ಸು ಹತ್ತಿಕೊಂಡರು. ಕನ್ನಡ, ತೆಲುಗು, ಉರ್ದು ಮೂರನ್ನೂ ಓದಬಲ್ಲವರು, ಮೋಡಿ ಲಿಪಿಯನ್ನು ಕೂಡಿಸಿ ಕೂಡಿಸಿ ಓದಬಲ್ಲವರು. ಅವರಿಲ್ಲದಿದ್ದರೆ ಈ ಪ್ರಯಾಣ ಬಾಗಿಲ ಹೊರಗಿನಿಂದಲೇ ಮುಗಿಯುತ್ತಿತ್ತು.

"ತಮ್ಮಾ, ಮೃತ್ಯುಪತ್ರ ಹುಡಕ್ತೀನಿ ಅಂತೀರಿ. ಇಲ್ಲಿ ಆ ಹೆಸರಿಲೆ ಹುಡಕಿದ್ರ ಸಿಗಂಗಿಲ್ಲ ನೋಡ್ರಿ" ಎಂದರು. "ವಿರಾಸತ್ ಅಂತ ಕೇಳ್ರಿ."

ಆ ಮಾತಿನ ಬೆಲೆ ನನಗೆ ತಿಳಿಯಲು ಕಾನೂನಿನ ಇತಿಹಾಸವನ್ನು ಒಂದಿಷ್ಟು ಕೆದಕಬೇಕಾಯಿತು. ಇಂಗ್ಲೆಂಡಿನಲ್ಲಿ ಒಬ್ಬರು ಸತ್ತ ಮೇಲೆ ಅವರ ಉಯಿಲು ಖರೆಯದ್ದೆಂದು ಕೋರ್ಟು ಒಪ್ಪಿ ಮುದ್ರೆ ಹಾಕುವ ಪದ್ಧತಿ ಇದೆ. ಅದೇ ಪ್ರೊಬೇಟ್. ಕ್ಯಾಂಟರ್ಬರಿಯ ಧರ್ಮನ್ಯಾಯಾಲಯ 1384ರಿಂದ 1858ರವರೆಗೆ ಒಪ್ಪಿದ ಉಯಿಲುಗಳು ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಸಾಲಾಗಿ ಕೂತಿವೆ. 1616ರ ಶೇಕ್ಸ್‌ಪಿಯರನ ಉಯಿಲೂ ಅವುಗಳ ನಡುವೆಯೇ ಇದೆ. 1858ರಿಂದ ಈಚಿನದಕ್ಕೆ ವರ್ಷವಾರು ಹೆಸರಿನ ಪಟ್ಟಿಗಳಿವೆ. ಶುಲ್ಕ ಕಟ್ಟಿದರೆ ಯಾರಿಗಾದರೂ ನಕಲು ಸಿಗುತ್ತದೆ. ಭಾರತಕ್ಕೆ ಈ ಪದ್ಧತಿ 1726ರ ರಾಜಸನ್ನದಿನೊಂದಿಗೆ ಮದ್ರಾಸು, ಮುಂಬಯಿ, ಕಲಕತ್ತೆಗಳ ಮೇಯರ್ ಕೋರ್ಟುಗಳಿಗೆ ಬಂತು. ಅಲ್ಲಿ ತೀರಿಕೊಂಡ ಕಂಪನಿ ನೌಕರರ, ವ್ಯಾಪಾರಿಗಳ ಉಯಿಲುಗಳ ನಕಲು ಹಡಗು ಹತ್ತಿ ಲಂಡನ್ನಿಗೆ ಹೋಗಿ ಇಂಡಿಯಾ ಆಫೀಸ್ ದಾಖಲೆಗಳ ಭಾಗವಾದವು. 1870ರ ಹಿಂದೂ ಉಯಿಲು ಕಾಯ್ದೆಯಾಗಲಿ, ಅದರ ಬದಲಿಗೆ ಬಂದ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಾಗಲಿ ಹಿಂದೂಗಳ ಉಯಿಲಿಗೆ ಪ್ರೊಬೇಟನ್ನು ಕಡ್ಡಾಯ ಮಾಡಿದ್ದು ಬಂಗಾಳ ಪ್ರಾಂತ್ಯಕ್ಕೆ ಮತ್ತು ಮದ್ರಾಸು, ಮುಂಬಯಿ ಪಟ್ಟಣಗಳಿಗೆ. ತುಂಗಭದ್ರೆಯಾಚೆಯ ಬಳ್ಳಾರಿಗೇ ಆ ಕಡ್ಡಾಯ ಮುಟ್ಟಲಿಲ್ಲ. ಇನ್ನು ನಿಜಾಮರ ರಾಜ್ಯದ ಮಕ್ತಲ್, ನಾರಾಯಣಪೇಟೆಯ ಮಾತೆಲ್ಲಿ ಬಂತು?

ಹಾಗೆಂದು ಇಲ್ಲಿನ ಜನ ಬರೆಸದೆ ಬಿಡಲಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯನ್ನು ಆಗ ಉಯಿಲಿನ ಮೂಲಕ ಕೊಡುವ ಹಾಗಿರಲಿಲ್ಲ. ತನ್ನ ಪಾಲನ್ನು ಹಾಗೆ ಬರೆದುಕೊಡುವ ಹಕ್ಕು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಮಿನಿಂದ ಬಂದದ್ದು. ಆದರೆ ಸ್ವಂತ ದುಡಿಮೆಯಲ್ಲಿ ಕೊಂಡದ್ದನ್ನು ಬರೆಯಬಹುದಿತ್ತು. ಮುಸಲ್ಮಾನರಲ್ಲಿ ಮೂರರಲ್ಲೊಂದು ಪಾಲಿನವರೆಗೆ ವಸೀಯತ್ ಮಾಡಬಹುದು, ಅದೂ ಉಳಿದ ವಾರಸುದಾರರು ಒಪ್ಪದೆ ಒಬ್ಬ ವಾರಸುದಾರನ ಹೆಸರಿಗೆ ನಡೆಯದು. ಮಕ್ಕಳಿಲ್ಲದವರು ದತ್ತಕಪತ್ರ ಬರೆಸಿದರು, ಬದುಕಿರುವಾಗಲೇ ಕೊಡುವವರು ಹಿಬಾನಾಮಾ ಬರೆಸಿದರು, ಅಣ್ಣತಮ್ಮಂದಿರು ವಾಟ್ನಿಪತ್ರ ಮಾಡಿಕೊಂಡರು. ಇನಾಮು, ಜಾಗೀರು ಇದ್ದ ಮನೆಗಳಿಗೆ ದಾರಿಯೇ ಬೇರೆ. ಇನಾಮುದಾರ ಸತ್ತರೆ ಅವನ ವಾರಸುದಾರ ಯಾರೆಂದು ಸರಕಾರ ವಿಚಾರಣೆ ನಡೆಸಿ ಮುಂತಖಬ್ ಎನ್ನುವ ಪತ್ರ ಕೊಡುತ್ತಿತ್ತು. ಅದೇ ವಿರಾಸತ್ ವಿಚಾರಣೆ. ಹೆಂಡತಿ ಎಷ್ಟು ಮಂದಿ, ಮಕ್ಕಳು ಯಾರು, ಸತ್ತವರು ಬಾಯಲ್ಲಿ ಏನು ಹೇಳಿ ಹೋದರು, ಕಾಗದದಲ್ಲಿ ಏನು ಬರೆದರು, ಊರವರ ಸಾಕ್ಷಿ ಏನು, ಎಲ್ಲವೂ ಆ ಕಡತದಲ್ಲಿ ಸೇರುತ್ತಿತ್ತು. ಈ ಕೆಲಸವನ್ನೇ 1952ರ ಹೈದರಾಬಾದ್ ಅತಿಯಾತ್ ವಿಚಾರಣಾ ಕಾಯ್ದೆ ಮುಂದುವರಿಸಿತು. ಇಂದಿಗೂ ಇಲ್ಲಿನ ರೈತ ತಂದೆ ಸತ್ತ ಮೇಲೆ ಖಾತೆ ಬದಲಿಸಲು ಹೋಗುವಾಗ "ವಿರಾಸತ್ ಮಾಡಸಾಕ ಹೊಂಟೀನಿ" ಎನ್ನುತ್ತಾನೆ. 2020ರಲ್ಲಿ ಧರಣಿ ಪೋರ್ಟಲ್ ಬಂತು, 2025ರಲ್ಲಿ ಅದರ ಜಾಗಕ್ಕೆ ಭೂಭಾರತಿ ಬಂತು. ರೈತನ ಮಾತು ಬದಲಾಗಲಿಲ್ಲ.

ಮಕ್ತಲ್ ಸಣ್ಣ ಊರು, ಹೆದ್ದಾರಿಯ ಗದ್ದಲ ದೊಡ್ಡದು. ಸಬ್‌ರಿಜಿಸ್ಟ್ರಾರ್ ಆಫೀಸಿನ ಹತ್ತಿರ ದಸ್ತಾವೇಜು ಬರೆಯುವವರು ಕಂಪ್ಯೂಟರ್, ಪ್ರಿಂಟರ್ ಇಟ್ಟುಕೊಂಡು ಕೂತಿದ್ದಾರೆ. ವಯಸ್ಸಾದ ಒಬ್ಬ ಬರಹಗಾರರು ಮಾತ್ರ ಈಗಲೂ ಕೈಯಲ್ಲೇ ಕರಡು ಬರೆಯುತ್ತಾರೆ. ಮಾಸ್ತರರಿಗೆ ಪರಿಚಯದವರು. ನಮ್ಮನ್ನು ಕೂಡಿಸಿ ಚಹ ತರಿಸಿದರು. ಹಳೆಯ ಮೃತ್ಯುಪತ್ರದ ಮಾತೆತ್ತಿದ್ದಕ್ಕೆ, "ಮೂರನೇ ಬುಕ್ಕಿನ ವಿಚಾರ ಅದು. ಅದರ ದಾರೀನs ಬ್ಯಾರೆ" ಎಂದರು.

ನೋಂದಣಿ ಕಾಯ್ದೆ ಗೊತ್ತಿರುವವರಿಗೆ ಈ ಬುಕ್ಕುಗಳು ಗೊತ್ತು. ಮಾರಾಟ, ಅಡಮಾನ, ದಾನ, ಅಂದರೆ ಸ್ಥಿರಾಸ್ತಿಯ ವ್ಯವಹಾರವೆಲ್ಲ 1ನೇ ಬುಕ್ಕಿಗೆ ಹೋಗುತ್ತದೆ. ಅದನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. 3ನೇ ಬುಕ್ಕು ಉಯಿಲುಗಳದು, ಜೊತೆಗೆ ದತ್ತಕಕ್ಕೆ ಕೊಟ್ಟ ಅಧಿಕಾರಪತ್ರಗಳದು. ಬರೆಸಿದವರು ಬದುಕಿರುವ ತನಕ ಅದರ ನಕಲು ಅವರಿಗೆ ಅಥವಾ ಅವರ ಮುಖ್ತ್ಯಾರರಿಗೆ ಮಾತ್ರ ಸಿಗುತ್ತದೆ. ಸತ್ತ ಮೇಲೆ ಅರ್ಜಿ ಕೊಟ್ಟ ಯಾರಿಗಾದರೂ ಸಿಗಬೇಕು. ಇದು ಕಾಯ್ದೆಯ 57ನೇ ಕಲಮು. 55ನೇ ಕಲಮಿನಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಮಾತಿದೆ. ಈ ಬುಕ್ಕಿನ ಸೂಚಿಯಲ್ಲಿ ಮೊದಲು ಬರೆಸಿದವರ ಹೆಸರಿರುತ್ತದೆ. ಆಸ್ತಿ ಪಡೆಯುವವರ ಹೆಸರನ್ನು ಬರೆಸಿದವರು ತೀರಿಕೊಂಡ ಮೇಲೆ ಸೇರಿಸಬೇಕು, ಅದಕ್ಕೆ ಮೊದಲು ಸೇರಿಸಕೂಡದು. ತಂದೆ ಯಾವ ಮಗನಿಗೆ ಹೆಚ್ಚು ಬರೆದ, ಯಾವ ಮಗಳಿಗೆ ಬಾವಿ ಕೊಟ್ಟ ಎನ್ನುವುದು ಅವನು ಬದುಕಿರುವಾಗಲೇ ಊರಿಗೆ ತಿಳಿದರೆ ಮನೆ ಉಳಿಯುವುದಿಲ್ಲ ಎಂದು ಆ ಕಾಯ್ದೆ ಬರೆದವರಿಗೆ ಗೊತ್ತಿತ್ತು. ಸರಕಾರಿ ಕಾಯ್ದೆಗಳಲ್ಲಿ ಮನುಷ್ಯರ ಮನೆಯೊಳಗನ್ನು ಇಷ್ಟು ತಿಳಿದು ಬರೆದ ಸಾಲು ನಾನು ಹೆಚ್ಚು ಕಂಡಿಲ್ಲ.

ನೋಂದಣಿ ಉಯಿಲಿಗೆ ಕಡ್ಡಾಯವಲ್ಲ. ಹಾಗಾಗಿ ಮನೆಯಲ್ಲೇ ಬರೆದು, ಇಬ್ಬರ ಸಾಕ್ಷಿ ಹಾಕಿಸಿ, ಪೆಟ್ಟಿಗೆಯಲ್ಲಿಟ್ಟವೇ ಹೆಚ್ಚು. ಇನ್ನೊಂದು ತೊಡಕೂ ಇದೆ. 1908ರ ನೋಂದಣಿ ಕಾಯ್ದೆ ಈ ಪ್ರದೇಶಕ್ಕೆ ಬಂದದ್ದು 1951ರಲ್ಲಿ. ಅದಕ್ಕೆ ಹಿಂದಿನದು ನಿಜಾಮರ ಸರಕಾರದ ನೋಂದಣಿ. 1884ರಲ್ಲಿ ಪಾರ್ಸಿಯ ಬದಲು ಉರ್ದು ಆಡಳಿತ ಭಾಷೆಯಾದ ಮೇಲೆ ಆ ಪುಸ್ತಕಗಳ ಭಾಷೆಯೂ ಉರ್ದುವೇ. ನಮಗೆ ಬೇಕಾದ ಕಾಗದ ಆ ಕಾಲದ್ದು. "ಮೊದಲ ಮನಿಯಾಗಿನ ಪೆಟ್ಟಿಗಿ ನೋಡ್ರಿ. ಕಾಗದ ಸಿಕ್ಕರ ನಂಬರ್ ಸಿಗ್ತದ, ನಂಬರ್ ಸಿಕ್ಕರ ಆಫೀಸಿನ್ಯಾಗ ಕೇಳಾಕ ಬರ್ತದ" ಎಂದು ಬರಹಗಾರರು ದಾರಿ ತೋರಿಸಿದರು.

ನಾರಾಯಣಪೇಟೆ 2019ರಲ್ಲಿ ಜಿಲ್ಲೆಯಾಗಿದೆ. ಪೇಟೆಯ ಒಳಗಿನ ಓಣಿಗಳು ಮಾತ್ರ ಹಳೆಯವೇ. ಒಂದು ಮನೆಯಿಂದ ತೆಲುಗು, ಎದುರು ಮನೆಯಿಂದ ಕನ್ನಡ, ಮುಂದಿನ ತಿರುವಿನಲ್ಲಿ ಮರಾಠಿ ಕೇಳಿಸುತ್ತದೆ. ಮಗ್ಗದ ಸದ್ದು ಮೊದಲಿನಷ್ಟಿಲ್ಲ, ಆದರೂ ಇದೆ. ಶಿವಾಜಿಯ ದಂಡಿನೊಂದಿಗೆ ಬಂದ ನೇಕಾರರು ಇಲ್ಲೇ ನಿಂತರು ಎಂದು ಊರಿನವರು ಹೇಳುತ್ತಾರೆ. ಚೌಕುಳಿಯ ಒಡಲು, ದಪ್ಪ ಅಂಚಿನ ಇಲ್ಲಿನ ಸೀರೆಯನ್ನು ನನ್ನ ಅಜ್ಜಿ ಕೊನೆಯವರೆಗೂ ಉಟ್ಟರು. ಬೇರೆ ಯಾವುದೂ ಅವರಿಗೆ ಸೀರೆ ಅನ್ನಿಸುತ್ತಿರಲಿಲ್ಲ.

"ಬಾ ಅಳಿಯಾ" ಎಂದು ಮಾವ ಬಾಗಿಲಲ್ಲೇ ನಿಂತಿದ್ದರು. ನನ್ನ ಅಜ್ಜಿಯ ತಮ್ಮನ ಮಗ ಅವರು. ದೊಡ್ಡಾಯಿ ಅವರಿಗೆ ಸೋದರತ್ತೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿ, ಕೈ ತೊಳೆದು ಒರೆಸಿಕೊಂಡ ಮೇಲೆಯೇ ಅತ್ತೆ ಒಳಗಿನ ಕೋಣೆಯಿಂದ ತಗಡಿನ ಪೆಟ್ಟಿಗೆ ತಂದಿಟ್ಟರು. ಭೂಕಂದಾಯದ ರಸೀದಿಗಳು, ಒಂದು ಜಾತಕ, ನೂಲಿನ ಲೆಕ್ಕದ ಕಿರುವಹಿ. ಅವುಗಳ ಅಡಿಯಲ್ಲಿ ಬಟ್ಟೆಯಲ್ಲಿ ಸುತ್ತಿದ ಕಾಗದ.

ಅದನ್ನು ಮಾಸ್ತರರು ನೆಲದ ಮೇಲೆ ಹಾಸಿದ ಪಂಚೆಯ ಮೇಲೆ ಬಿಡಿಸಿದರು. ಮಡಿಕೆಗಳಲ್ಲಿ ಹರಿದಿತ್ತು, ನಡುವೆ ಎಂಥದೋ ಎಣ್ಣೆಯ ಕಲೆ. ನೆತ್ತಿಯಲ್ಲಿ ನಿಜಾಮರ ಆಸಫಿಯಾ ಸರಕಾರದ ಛಾಪು. ಕೆಳಗೆ ಬರಹವೆಲ್ಲ ಕನ್ನಡ. ಪದಕ್ಕೂ ಪದಕ್ಕೂ ಎಡೆಯಿಲ್ಲ, ಪೂರ್ಣವಿರಾಮವಿಲ್ಲ, ಮೇಲಿನ ಸಾಲಿನ ಬಾಲ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಕೊನೆಯಲ್ಲಿ ಬರೆಸಿದವರ ಸಹಿ ಕನ್ನಡದಲ್ಲಿ. ಸಾಕ್ಷಿಗಳಲ್ಲಿ ಒಬ್ಬರದು ತೆಲುಗು, ಒಬ್ಬರದು ಮೋಡಿ, ಮತ್ತೊಬ್ಬರದು ಉರ್ದು, ನಾಲ್ಕನೆಯವರದು ಹೆಬ್ಬೆಟ್ಟು. ಬೆನ್ನಮೇಲೆ ನೋಂದಣಿಯ ಶರಾ, ಶಿಕಸ್ತಾ ಉರ್ದುವಿನ ಓಟದ ಬರಹದಲ್ಲಿ. ನಿಜಾಮರ ಸರಕಾರದ ನೋಟಿನ ಮೇಲೆ ಬೆಲೆಯನ್ನು ಉರ್ದು, ಇಂಗ್ಲಿಷು, ಮರಾಠಿ, ತೆಲುಗು, ಕನ್ನಡಗಳಲ್ಲಿ ಅಚ್ಚು ಹಾಕುತ್ತಿದ್ದರಲ್ಲ, ಆ ರಾಜ್ಯದ ಸಂಸಾರ ಹೇಗೆ ನಡೆಯುತ್ತಿತ್ತೆಂದು ಈ ಒಂದು ಹಾಳೆ ಆ ನೋಟಿಗಿಂತ ಚೆನ್ನಾಗಿ ತೋರಿಸುತ್ತದೆ.

ತಾರೀಖು 1339 ಫಸಲಿ, ತೀರ್ ಮಾಹೆ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಆಜೂರ್ ಮಾಸದಿಂದ ಶುರುವಾಗುತ್ತದೆ. ದೈ, ಬಹಮನ್, ಇಸ್ಫಂದಾರ್ ಎಂದು ಹೆಸರುಗಳೆಲ್ಲ ಪಾರ್ಸಿ. ಡಿಸೆಂಬರಿನವರೆಗಿನ ತಿಂಗಳಾದರೆ ಫಸಲಿಗೆ 590 ಕೂಡಿಸಬೇಕು, ಜನವರಿಯಿಂದ ಈಚೆಗಾದರೆ 591. ತೀರ್ ಎಂಟನೆಯ ತಿಂಗಳು. ಅಲ್ಲಿಗೆ ಈ ಕಾಗದ 1930ರ ಮೇ ತಿಂಗಳ ಸುಮಾರಿನದು. ಮಾಸ್ತರರು ಬೆರಳು ಮಡಚಿ ಲೆಕ್ಕ ಹಾಕುವಾಗ ಮಾವನ ಮೊಮ್ಮಗಳು ಮಗ್ಗುಲಲ್ಲಿ ಕೂತು ತಾನೂ ಬೆರಳು ಮಡಚುತ್ತಿದ್ದಳು.

ಓದು ಮುಗಿಯಲು ಸಂಜೆಯಾಯಿತು. ಮುತ್ತಜ್ಜ ನೂಲಿನ ವ್ಯಾಪಾರ ಮಾಡಿದವರು. ಹಿರಿಯರಿಂದ ಬಂದದ್ದನ್ನು ಮುಟ್ಟುವುದಿಲ್ಲ, ತಾನು ಕೊಂಡದ್ದರ ಬಗ್ಗೆ ಮಾತ್ರ ಹೇಳುತ್ತೇನೆ ಎಂದು ಮೊದಲಿಗೇ ಬರೆಸಿದ್ದಾರೆ. ಕಾನೂನು ಬಲ್ಲವರು ಯಾರೋ ಹತ್ತಿರ ಕೂತು ಬರೆಸಿರಬೇಕು. ಬರಬೇಕಾದ ಸಾಲಗಳನ್ನು ಬರೆಯುವಾಗ ಇಂಥದು ಹಾಲಿ, ಇಂಥದು ಕಲ್ದಾರ್ ಎಂದು ಬಿಡಿಸಿ ಹೇಳಿದ್ದಾರೆ. ಹಾಲಿ ಸಿಕ್ಕಾ ನಿಜಾಮರ ರೂಪಾಯಿ, ಕಲ್ದಾರ್ ಬ್ರಿಟಿಷರದು, 7 ಹಾಲಿಗೆ 6 ಕಲ್ದಾರ್. ಹೊಳೆಯ ಆಚೆಈಚೆ ವ್ಯಾಪಾರ ಮಾಡುವವರಿಗೆ ಆ ಭೇದ ಬಿಡುವ ಹಾಗಿರಲಿಲ್ಲ. ಆಮೇಲೆ ಹೆಂಗಸರು ಬರುತ್ತಾರೆ. ಹೆಂಡತಿಗೆ ಇಂಥ ಕೋಣೆ, ಇಂಥ ಪಾತ್ರೆಗಳು. ವಿಧವೆ ತಂಗಿಗೆ ಅಶನವಸ್ತ್ರ. ಸಣ್ಣ ಮಗಳ ಮದುವೆಗೆ ಇಷ್ಟು, ಆ ಸಣ್ಣ ಮಗಳೇ ನನ್ನ ಅಜ್ಜಿ. ಮತ್ತೆ ಹಿರಿಯ ಮಗಳು: ಮಕ್ತಲ್ ದಾರಿಯ ಹಳ್ಳಿಯಲ್ಲಿ ಕೊಂಡ ಹೊಲ, ಅದರ ಬಾವಿ, ದಂಡೆಯ ಹುಣಸೆಮರಗಳ ಸಮೇತ ಅವಳ ವಶಕ್ಕೆ. ಅವಳು ಇರುವತನಕ ಅನುಭವಿಸಬೇಕು, ಯಾರೂ ಹರಕತ್ತು ಮಾಡಬಾರದು, ಅವಳ ತರುವಾಯ ಮಗನ ಪಾಲಿಗೆ.

ಕಂದಾಯದ ಹಳೆಯ ವಹಿಗಳನ್ನು ಎಷ್ಟು ತಿರುವಿದರೂ ಗಂಡಸರ ಹೆಸರುಗಳೇ ಹೆಚ್ಚು ಸಿಗುತ್ತವೆ. ಹೆಂಗಸರು ಹೆಸರು ಹಿಡಿದು, ಸಂಬಂಧ ಹಿಡಿದು, ಅವರಿಗೇನು ಬೇಕೆಂಬ ವಿವರ ಹಿಡಿದು ಬರುವುದು ಇಂಥ ಕಾಗದಗಳಲ್ಲಿ. ಬಾಲವಿಧವೆಯರು, ಮಕ್ಕಳಿಲ್ಲದ ಸೊಸೆಯರು, ತವರಿಗೆ ಮರಳಿದ ಅಕ್ಕತಂಗಿಯರು. ನನಗೆ ಮೃತ್ಯುಪತ್ರಗಳ ಮೇಲೆ ಇಷ್ಟು ಪ್ರೀತಿ ಹುಟ್ಟಿದ್ದು ಆಸ್ತಿಯ ಸಲುವಾಗಿ ಅಲ್ಲ. ಗಡಿಭಾಗದ ನಮ್ಮ ಅಜ್ಜಿಯರ ಚರಿತ್ರೆ ಬರೆಯಬೇಕೆಂದರೆ ಇದಕ್ಕಿಂತ ಒಳ್ಳೆಯ ಆಧಾರ ಇಲ್ಲವೆಂದು ನಾನು ನಂಬಿದ್ದೇನೆ.

ಓದುತ್ತಿದ್ದಷ್ಟು ಹೊತ್ತೂ ಮಾವ ಒಂದು ಮಾತಾಡಿರಲಿಲ್ಲ. ಕಾಗದ ಮಡಚಿದ ಮೇಲೆ ಹೇಳಿದರು: "ನಮ್ಮಪ್ಪ ಅತ್ತಿಗಿ ಹೊಲ ಬಿಟ್ಟುಕೊಟ್ಟಿದ್ನೋ ಇಲ್ಲೋ ನನಗ ಗೊತ್ತಿಲ್ಲ ಅಳಿಯಾ. ಆಗ ನಾನು ಸಣ್ಣಾವ. ಕಾಗದ ಮಾತ್ರ ಕಾಯ್ದಿಟ್ಟಾನ." ಬೇರೆಯವರಾಗಿದ್ದರೆ ಆ ಪೆಟ್ಟಿಗೆ ತೆರೆಯುತ್ತಲೇ ಇರಲಿಲ್ಲ.

ಮರುದಿನ ಆತ್ಮಕೂರಿನ ಕಡೆಯಿಂದ ಜುರಾಲಾ ಅಣೆಕಟ್ಟಿನ ಮೇಲೆ ಹಾಯ್ದು ಗದ್ವಾಲಕ್ಕೆ ಹೋದೆವು. ಕೃಷ್ಣೆ ತುಂಗಭದ್ರೆಯರ ನಡುವಿನ ಈ ಸೀಮೆಯನ್ನು ಜನ ನಡಿಗಡ್ಡೆ ಎನ್ನುತ್ತಾರೆ, ನಮ್ಮ ರಾಯಚೂರು ದೋಆಬಿನ ಮೂಡಣ ತುದಿ. ಆಲಂಪುರದಲ್ಲಿ ಬಾದಾಮಿ ಚಾಲುಕ್ಯರ ನವಬ್ರಹ್ಮ ಗುಡಿಗಳಿವೆ. ಕಲ್ಯಾಣದ ಚಾಲುಕ್ಯರ ಕನ್ನಡ ಶಾಸನಗಳು ಹಳೆಯ ಮಹಬೂಬ್‌ನಗರ ಜಿಲ್ಲೆಯ ಉದ್ದಗಲಕ್ಕೂ ಸಿಗುತ್ತವೆ. ಇಂಥ ಹೊಲ, ಇಂಥ ಎಲ್ಲೆ, ಇಂಥವರಿಗೆ ಎಂದು ಕಲ್ಲಿನಲ್ಲಿ ಬರೆಸುವ ಅಭ್ಯಾಸ ಇಲ್ಲಿ ಸಾವಿರ ವರ್ಷದ್ದು. ಕಾಗದ ಬಂದ ಮೇಲೆಯೇ ಓದುವವರು ಕಡಿಮೆಯಾದದ್ದು.

ಗದ್ವಾಲದ ಕೋಟೆ ಸೋಮಭೂಪಾಲ ಕಟ್ಟಿಸಿದ್ದು. ಒಳಗೆ ಚೆನ್ನಕೇಶವನ ಗುಡಿ ಇದೆ, ಮಹಾರಾಣಿ ಆದಿಲಕ್ಷ್ಮೀದೇವಮ್ಮನವರ ಹೆಸರಿನ ಸರಕಾರಿ ಕಾಲೇಜೂ ಇದೆ. ಹುಡುಗ ಹುಡುಗಿಯರು ಪುಸ್ತಕ ಹಿಡಿದು ಕೋಟೆಯ ಬಾಗಿಲಲ್ಲಿ ಹೋಗಿ ಬರುತ್ತಾರೆ. ಆ ಹೆಸರಿನ ಹಿಂದೆ ಈ ಸೀಮೆಯ ಅತಿ ದೊಡ್ಡ ವಾರಸಿನ ಜಗಳ ಇದೆ. 1924ರಲ್ಲಿ ರಾಜಾ ಸೀತಾರಾಮ ಭೂಪಾಲ ಗಂಡುಮಕ್ಕಳಿಲ್ಲದೆ ತೀರಿಕೊಂಡರು. ನಿಜಾಮರ ಸರಕಾರ ಸಂಸ್ಥಾನವನ್ನು ಕೋರ್ಟ್ ಆಫ್ ವಾರ್ಡ್ಸ್ ಕೈಗೆ ತೆಗೆದುಕೊಂಡಿತು. ರಾಣಿ ಸುಮ್ಮನೆ ಕೂಡಲಿಲ್ಲ. ಅರ್ಜಿಯ ಮೇಲೆ ಅರ್ಜಿ ಹಾಕಿ, ತನ್ನ ಹಕ್ಕಿಗೆ ಹೋರಾಡಿ ಸಂಸ್ಥಾನವನ್ನು ಮರಳಿ ಪಡೆದರು, ಸಂಸ್ಥಾನಗಳು ಕೊನೆಯಾಗುವ ತನಕ ಆಳಿದರು. ಬೆಂಜಮಿನ್ ಕೋಹೆನ್ 2007ರಲ್ಲಿ ಪ್ರಕಟಿಸಿದ ದಖ್ಖನಿನ ಸಂಸ್ಥಾನಗಳ ಅಧ್ಯಯನದಲ್ಲಿ ಗದ್ವಾಲ, ವನಪರ್ತಿ, ಜಟಪ್ರೋಲುಗಳ ಇಂಥ ವಾರಸು ವಿವಾದಗಳನ್ನು ಪತ್ರಾಗಾರದ ಕಡತಗಳಿಂದಲೇ ಬಿಡಿಸಿಟ್ಟಿದ್ದಾರೆ.

3ನೇ ಬುಕ್ಕಿನಲ್ಲಿ ಉಯಿಲಿನ ಜೊತೆಗೆ ದತ್ತಕದ ಅಧಿಕಾರಪತ್ರವನ್ನೂ ಯಾಕೆ ಸೇರಿಸಿದರು ಎನ್ನುವುದು ಗದ್ವಾಲದಲ್ಲಿ ನಿಂತರೆ ಅರ್ಥವಾಗುತ್ತದೆ. ತೆಂಕಣದ ಹಿಂದೂ ನ್ಯಾಯದಲ್ಲಿ ವಿಧವೆ ದತ್ತಕ ತೆಗೆದುಕೊಳ್ಳಬೇಕಾದರೆ ಗಂಡ ಕೊಟ್ಟ ಅನುಮತಿ ಬೇಕು, ಇಲ್ಲವೇ ದಾಯಾದಿಗಳ ಒಪ್ಪಿಗೆ ಬೇಕು. ಸಾಯುವ ಗಂಡ ಆ ಅನುಮತಿಯನ್ನು ಬರೆದಿಟ್ಟನೋ ಇಲ್ಲವೋ ಎನ್ನುವುದರ ಮೇಲೆ ಅರಮನೆಗಳು ನಿಂತವು, ಬಿದ್ದವು. ಒಂದೆರಡು ಎಕರೆಯ ಮನೆಗಳೂ ಹಾಗೆಯೇ. 1956ರ ದತ್ತಕ ಕಾಯ್ದೆ ಬಂದು ವಿಧವೆಗೆ ತಾನೇ ದತ್ತಕ ತೆಗೆದುಕೊಳ್ಳುವ ಹಕ್ಕು ಕೊಟ್ಟ ಮೇಲೆ ಆ ಜಾತಿಯ ಪತ್ರವೇ ನಿಂತುಹೋಯಿತು. ಹಳೆಯವು ಎಲ್ಲೆಲ್ಲಿವೆಯೋ ಅಲ್ಲಲ್ಲಿ ಹುಳುವಿಗೆ ಸಿಗುವ ಮೊದಲು ಮನುಷ್ಯರ ಕೈಗೆ ಸಿಗಬೇಕು.

ಗದ್ವಾಲದಲ್ಲಿ ಒಬ್ಬ ನೇಕಾರರ ಮನೆಗೆ ಹೋಗಿದ್ದೆವು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಮಗ್ಗದ ಮೇಲೆಯೇ ಕೂಡಿಸುವ ಕುಟ್ಟು ಕೆಲಸ ನಡೆದಿತ್ತು. ಮನೆಯ ಹಿರಿಯರಿಗೆ ನಾವು ಹುಡುಕುತ್ತಿದ್ದುದನ್ನು ಹೇಳಿದಾಗ ತಮ್ಮ ಮನೆಯ ಹಳೆಯ ಕಾಗದದ ಮಾತು ತೆಗೆದರು. ಅವರಿಗೂ ಅದನ್ನು ಓದಿಸಬೇಕಂತೆ. ಅದು ರಾಯಚೂರು ಜಿಲ್ಲೆಯ ಕಾಲದ್ದು, ಬರಹ ಉರ್ದು. ಊರಲ್ಲಿ ಅಚ್ಚಿನ ಉರ್ದು ಓದುವವರು ಬೇಕಾದಷ್ಟಿದ್ದಾರೆ, ಶಿಕಸ್ತಾ ಓದುವವರು ಯಾರೂ ಉಳಿದಿಲ್ಲ. ಮಾಸ್ತರರು ಅದರ ಮುಂದೆ ಬಹಳ ಹೊತ್ತು ಕೂತರು. ಅರ್ಧದಷ್ಟು ಬಿಡಿಸಿದರು.

ಉಳಿದ ಅರ್ಧದಂಥವುಗಳಿಗೆ ಹೈದರಾಬಾದಿನ ತಾರ್ನಾಕಾ ದಾರಿ. ತೆಲಂಗಾಣ ರಾಜ್ಯ ಪತ್ರಾಗಾರ ಅಲ್ಲಿದೆ. ನಿಜಾಮರ ದಿವಾನಿ, ಮಾಲ್, ಮುಲ್ಕಿ ದಫ್ತರುಗಳು ಒಂದಾಗಿ ಬೆಳೆದ ಸಂಗ್ರಹ ಅದು. ಅತಿ ಹಳೆಯದು 1406ರ, ಬಹಮನಿ ಫಿರೋಜ್‌ ಶಾಹನ ಕಾಲದ ಪತ್ರ. ಸಂಗ್ರಹದ ಬಹುಪಾಲು ಪಾರ್ಸಿ ಮತ್ತು ಉರ್ದು. ಜಾಗೀರು, ಇನಾಮು, ಮನ್ಸಬುಗಳ ಕಡತಗಳಲ್ಲಿ ರಾಯಚೂರು, ಕಲಬುರಗಿ, ಬೀದರ, ಉಸ್ಮಾನಾಬಾದ್ ಎಲ್ಲ ಒಂದೇ ರಾಜ್ಯದ ಜಿಲ್ಲೆಗಳಾಗಿ ಇನ್ನೂ ಜೊತೆಯಲ್ಲೇ ಇವೆ. ಓದುವ ಕೋಣೆಯಲ್ಲಿ ಕೂತು ನೋಡಿದ ಒಂದು ವಿರಾಸತ್ ಕಡತದಲ್ಲಿ ಉರ್ದು ಹಾಳೆಗಳ ನಡುವೆ ಕನ್ನಡದ ಒಂದೇ ಒಂದು ಹಾಳೆ ಸಿಕ್ಕಿತು. ಗೌಡ, ಕುಲಕರ್ಣಿ, ಊರ ಹಿರಿಯರು ಸೇರಿ, ಈ ಹುಡುಗನೇ ಸತ್ತವರ ಮಗ, ನಾವು ಬಲ್ಲೆವು ಎಂದು ಬರೆದುಕೊಟ್ಟ ಸಾಕ್ಷಿ. ಅದರ ಮಗ್ಗುಲಲ್ಲಿ ಗುಮಾಸ್ತ ಮಾಡಿದ ಉರ್ದು ತರ್ಜುಮೆ. ಅಂಥ ಹಾಳೆಗಳು ಅಲ್ಲಿ ಇನ್ನೆಷ್ಟೋ ಇರಬೇಕು. ಕರ್ನಾಟಕದ ವಿಶ್ವವಿದ್ಯಾಲಯಗಳು ಹಳಗನ್ನಡ ಶಾಸನ ಓದಲು ಕಲಿಸಿದವು, ತಲೆಮಾರುಗಳು ಅದರಿಂದ ಬೆಳಕು ಕಂಡವು. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಶಿಕಸ್ತಾ ಉರ್ದು ಮತ್ತು ಮೋಡಿ ಓದಿಸುವ ಒಂದು ವರ್ಷದ ಪಾಠ ನಡೆಸಿ, ಹತ್ತು ಹುಡುಗ ಹುಡುಗಿಯರನ್ನು ತಾರ್ನಾಕಾಕ್ಕೆ ಕಳಿಸಿದರೆ ಕಲ್ಯಾಣ ಕರ್ನಾಟಕದ ಇತಿಹಾಸವನ್ನು ಹೊಸದಾಗಿ ಬರೆಯಬಹುದು. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ, ಇಲ್ಲಿಯೂ ಹೇಳುತ್ತೇನೆ. ಹೋಗುವವರು ಹಳ್ಳಿಯ ಹೆಸರಿನ ಜೊತೆ 1956ಕ್ಕೆ ಹಿಂದಿನ ತಾಲೂಕು, ಜಿಲ್ಲೆ ಮತ್ತು ಫಸಲಿ ವರ್ಷ ಬರೆದುಕೊಂಡು ಹೋಗಬೇಕು. ಇಂದಿನ ಮಂಡಲದ ಹೆಸರಿನಿಂದ ಅಲ್ಲಿ ಏನೂ ಸಿಗುವುದಿಲ್ಲ.

ದೊಡ್ಡಾಯಿಯ ಹೊಲದ ಮಾತು ಉಳಿದಿತ್ತು. ಮೃತ್ಯುಪತ್ರದಲ್ಲಿ ಹೊಲದ ಸರ್ವೆ ನಂಬರೂ ಇತ್ತು, ಅದನ್ನು ಹಿಡಿದು ಮಾವನೇ ತಹಸೀಲ್ ಕಚೇರಿಗೆ ಅರ್ಜಿ ಹಾಕಿ 1954–55ರ ಖಾಸ್ರಾ ಪಹಣಿಯ ನಕಲು ತೆಗೆಸಿದರು. ತೆಲಂಗಾಣದಲ್ಲಿ ಜಮೀನಿನ ಯಾವ ವ್ಯಾಜ್ಯಕ್ಕೂ ಮೊದಲು ತೆಗೆಯುವ ದಾಖಲೆ ಅದು. ಅದರಲ್ಲಿ ಪಟ್ಟೇದಾರನಿಗೆ ಒಂದು ಕಾಲಮು, ಕಬ್ಜೇದಾರನಿಗೆ ಒಂದು ಕಾಲಮು. ಫೋಟೊ ನನ್ನ ಫೋನಿಗೆ ಬಂತು. ಪಟ್ಟೇದಾರ್ ಕಾಲಮಿನಲ್ಲಿ ಮಾವನ ತಂದೆಯ ಹೆಸರು. ಕಬ್ಜೇದಾರ್ ಕಾಲಮಿನಲ್ಲಿ ದೊಡ್ಡಾಯಿಯ ಹೆಸರು, ಮುಂದೆ ಅವರ ತಂದೆಯ ಹೆಸರು ಸಮೇತ. ಪಟ್ಟಾ ತಮ್ಮನದು, ಅನುಭವ ಅಕ್ಕನದು, 1930ರಲ್ಲಿ ಮುತ್ತಜ್ಜ ಬರೆಸಿದ ಹಾಗೆಯೇ.

ಮಾವ ಆಮೇಲೆ ಫೋನು ಮಾಡಿದರು. ದೊಡ್ಡಾಯಿ ತೀರಿಕೊಂಡ ವರ್ಷದವರೆಗಿನ ಪಹಣಿಗಳನ್ನೂ ತೆಗೆಸುತ್ತಾರಂತೆ, ಅದಕ್ಕೂ ಅರ್ಜಿ ಕೊಟ್ಟಿದ್ದಾರೆ.